ಗೊತ್ತಿಲ್ಲದಲ್ಲಿ ಸಂಖ್ಯೆ ತುಂಬುವ ಚಾಳಿ

ಆರ್ಮಾ 3 ಎಂಬ ಯುದ್ಧಾನುಕರಣೆಯ ಆಟದ ಸೆಟ್ಟಿಂಗ್ಸ್ ಕಡತದಲ್ಲಿ ‘ಜಿಪಿಯು ಮ್ಯಾಕ್ಸ್ ಫ್ರೇಮ್ಸ್ ಅಹೆಡ್’ ಎಂಬ ಸಾಲೊಂದಿದೆ. ಅದರ ಎದುರು 1000 ಎಂದು ಬರೆದಿರುತ್ತದೆ. ಬೊಹೀಮಿಯಾ ಇಂಟರಾಕ್ಟಿವ್ ಎಂಬ ಚೆಕ್ ಕಂಪನಿ 2013ರ ಸೆಪ್ಟೆಂಬರ್‌ನಲ್ಲಿ ಹೊರತಂದ ಆಟ ಇದು. ಪರದೆಯ ಮೇಲೆ ಮೂಡಬೇಕಾದ ಚಿತ್ರಗಳನ್ನು ಪ್ರೊಸೆಸರ್ ಎಷ್ಟು ಮುಂಚೆ ಸಿದ್ಧಮಾಡಿ ಗ್ರಾಫಿಕ್ಸ್ ಕಾರ್ಡಿನ ಸರದಿಯಲ್ಲಿ ನಿಲ್ಲಿಸಬಹುದು ಎಂಬುದನ್ನು ಆ ಸಾಲು ಹೇಳಬೇಕು. ವಿಂಡೋಸ್‌ನಲ್ಲಿ ಈ ಸರದಿ ಸಾಮಾನ್ಯವಾಗಿ ಮೂರು ಚಿತ್ರಗಳಷ್ಟಿರುತ್ತದೆ. ಸೆಕೆಂಡಿಗೆ 60 ಚಿತ್ರಗಳಂತೆ ಲೆಕ್ಕ ಹಾಕಿದರೆ 1000 ಚಿತ್ರಗಳ ಸರದಿ ಕರಗಲು ಹದಿನಾರು ಸೆಕೆಂಡಿಗೂ ಹೆಚ್ಚು ಬೇಕು. ಆಟಗಾರ ಬಂದೂಕಿನ ಗುಂಡಿ ಒತ್ತಿ, ಗುಂಡು ಹಾರಿದ್ದನ್ನು ಕಾಣಲು ಅಷ್ಟು ಹೊತ್ತು ಕಾಯಬೇಕಾಗುತ್ತಿತ್ತು. ಹಾಗೆಂದೂ ಆಗುವುದಿಲ್ಲ. ಆದ್ದರಿಂದ ಆ 1000 ಯಾವ ಅಳತೆಯೂ ಅಲ್ಲ. ಮಿತಿ ಹಾಕಿಲ್ಲ ಎಂದು ಹೇಳಬೇಕಾದ ಕಡೆ ಕೂರಿಸಿದ ಡಮ್ಮಿ ಸಂಖ್ಯೆ ಅದು. ಅದು ಡಮ್ಮಿ ಎಂಬ ಮಾತು ಮಾತ್ರ ಕಡತದಲ್ಲಿ ಎಲ್ಲಿಯೂ ಇಲ್ಲ. ಓದಿದವರು ಅದನ್ನು ನಿಜವಾದ ಅಳತೆಯೆಂದೇ ನಂಬಿ ತಮಗೆ ತೋಚಿದಂತೆ ತಿದ್ದುತ್ತಾರೆ.

ಇಂಥ ಸಂಖ್ಯೆಗಳ ವಿಷಯದಲ್ಲಿ ಒಂದು ಅಭಿಪ್ರಾಯ ಆಳವಾಗಿ ಬೇರುಬಿಟ್ಟಿದೆ. ಕಾಲಂ ಖಾಲಿ ಬಿಡಲಾಗದು, ಏನಾದರೊಂದು ತುಂಬಲೇಬೇಕು, ಅದು ಬರೀ ತಾಂತ್ರಿಕ ವಿಷಯ, ಬಲ್ಲವರಿಗೆ ತಿಳಿದೇ ತಿಳಿಯುತ್ತದೆ, ಯಾರಿಗೂ ನಷ್ಟವಿಲ್ಲ ಎಂಬುದೇ ಆ ಅಭಿಪ್ರಾಯ. ಪ್ರೋಗ್ರಾಮರ್‌ಗಳು ಹೀಗೆನ್ನುತ್ತಾರೆ. ಕಚೇರಿಯ ಗುಮಾಸ್ತರೂ, ಆಧಾರ್ ಕೇಂದ್ರದ ಆಪರೇಟರ್‌ಗಳೂ, ಮತದಾರರ ಪಟ್ಟಿ ಸಿದ್ಧಪಡಿಸುವವರೂ ಇದನ್ನೇ ಹೇಳುತ್ತಾರೆ. ಈ ಅಭಿಪ್ರಾಯ ಬುಡದಿಂದಲೇ ತಪ್ಪು. ಗೊತ್ತಿಲ್ಲದಲ್ಲಿ ತುಂಬಿದ ಸಂಖ್ಯೆ ಒಂದು ಸುಳ್ಳು ಹೇಳಿಕೆ. ಅದನ್ನು ತುಂಬಿದವರು ಅದರ ಬೆಲೆ ತೆರುವುದಿಲ್ಲ. ಆ ಕಡತವನ್ನು ಎಂದೂ ಕಣ್ಣಿಂದ ನೋಡದವರು ತೆರುತ್ತಾರೆ.

ಆಟದಲ್ಲಿ ಪರಿಣಾಮ ಸಣ್ಣದು, ಹೆಚ್ಚೆಂದರೆ ಚಿತ್ರ ತಡವರಿಸುತ್ತದೆ ಎಂದು ಕೈಬಿಡುವವರು ಆ ಆಟ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದನ್ನು ನೋಡಬೇಕು. ಇದೇ ಕಂಪನಿಯ 2001ರ ‘ಆಪರೇಷನ್ ಫ್ಲ್ಯಾಶ್‌ಪಾಯಿಂಟ್’ ಆಟದ ಬುನಾದಿಯ ಮೇಲೆಯೇ ‘ವರ್ಚುವಲ್ ಬ್ಯಾಟಲ್‌ಸ್ಪೇಸ್’ ಎಂಬ ಸೈನಿಕ ತರಬೇತಿ ವ್ಯವಸ್ಥೆ ಬೆಳೆಯಿತು. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದ ಸೇನೆಗಳು ಅದನ್ನು ಬಳಸಿದವು. ಆಟಕ್ಕೂ ರಣರಂಗದ ಯಂತ್ರಕ್ಕೂ ನಡುವಿನ ದೂರ ಜನ ಎಣಿಸಿದ್ದಕ್ಕಿಂತ ಕಡಿಮೆ. ರಣರಂಗದ ಯಂತ್ರಗಳಲ್ಲಿಯೂ ಇದೇ ಚಾಳಿ ಇದೆ.

2001ರ ಡಿಸೆಂಬರ್ 5ರಂದು ಅಫ್ಘಾನಿಸ್ತಾನದ ಕಂದಹಾರದ ಉತ್ತರಕ್ಕೆ ಅಮೆರಿಕದ ವಿಶೇಷ ಪಡೆಯ ಸೈನಿಕನೊಬ್ಬ ಕೈಯಲ್ಲಿನ ಜಿಪಿಎಸ್ ಸಾಧನದಿಂದ ತಾಲಿಬಾನಿನ ನೆಲೆಯ ಅಕ್ಷಾಂಶ ರೇಖಾಂಶಗಳನ್ನು ಲೆಕ್ಕಹಾಕಿ ವಿಮಾನಕ್ಕೆ ತಿಳಿಸುತ್ತಿದ್ದ. ಮಧ್ಯದಲ್ಲಿ ಸಾಧನದ ಬ್ಯಾಟರಿ ಬದಲಿಸಬೇಕಾಯಿತು. ಬ್ಯಾಟರಿ ಬದಲಿಸಿ ಮತ್ತೆ ಚಾಲೂ ಮಾಡಿದಾಗ ಆ ಸಾಧನ ಗುರಿಯ ಸ್ಥಾನವನ್ನು ಮರೆತು ತಾನಿರುವ ಸ್ಥಾನವನ್ನೇ ಪರದೆಯ ಮೇಲೆ ತೋರಿಸಿತು. ಗುರಿಯ ಸ್ಥಾನ ಈಗ ತನಗೆ ಗೊತ್ತಿಲ್ಲ ಎಂದು ಅದು ಹೇಳಲಿಲ್ಲ. ಕಾಲಂ ಖಾಲಿ ಇಡಲಿಲ್ಲ, ಎಚ್ಚರಿಕೆಯನ್ನೂ ಕೊಡಲಿಲ್ಲ. ಎಲ್ಲ ಅಂಕಿಗಳೂ ಸರಿಯಾದ ರೂಪದಲ್ಲಿದ್ದ, ನೋಡಿದರೆ ಗುರಿಯಂತೆಯೇ ಕಾಣುವ ಸಂಖ್ಯೆಯೊಂದನ್ನು ಮುಂದಿಟ್ಟಿತು. ಸೈನಿಕ ಅದನ್ನೇ ಓದಿ ಹೇಳಿದ. ಬಿ-52 ವಿಮಾನದಿಂದ 2000 ಪೌಂಡಿನ ಬಾಂಬು ಅವರದೇ ಪಡೆಯ ಮೇಲೆ ಬಿತ್ತು. ಮೂವರು ಅಮೆರಿಕನ್ ಸೈನಿಕರೂ ಹಲವು ಅಫ್ಘನ್ ಹೋರಾಟಗಾರರೂ ಸತ್ತರು. ಅಂದೇ ಅಫ್ಘಾನಿಸ್ತಾನದ ಮಧ್ಯಂತರ ಸರ್ಕಾರದ ಮುಖ್ಯಸ್ಥರೆಂದು ಆಯ್ಕೆಯಾದ ಹಮೀದ್ ಕರ್ಜೈ ಅಲ್ಲೇ ಹತ್ತಿರದಲ್ಲಿದ್ದು ಸಣ್ಣ ಗಾಯಗಳೊಂದಿಗೆ ಉಳಿದರು. ಬಲ್ಲವರಿಗೆ ತಿಳಿದೇ ತಿಳಿಯುತ್ತದೆ ಎಂಬ ವಾದ ಅಲ್ಲಿ ಯಾರನ್ನು ಕಾಪಾಡಿತು? ಆ ಸೈನಿಕ ಅದೇ ಕೆಲಸದಲ್ಲಿ ತರಬೇತಿ ಪಡೆದವನು. ಅವನಿಗಿಂತ ಬಲ್ಲವರು ಯಾರಿದ್ದರು?

ಬೇರೆ ದಾರಿ ಇರಲಿಲ್ಲ ಎನ್ನುವ ಸಮರ್ಥನೆಯೂ ನಿಲ್ಲುವುದಿಲ್ಲ. ಭಿನ್ನಾಂಶವಿರುವ ಸಂಖ್ಯೆಗಳ ಲೆಕ್ಕಕ್ಕಾಗಿ ಕಂಪ್ಯೂಟರುಗಳು ಅನುಸರಿಸುವ ಐಇಇಇ 754 ಮಾನದಂಡ 1985ರದು. ‘ಇದು ಸಂಖ್ಯೆಯಲ್ಲ’ ಎಂದು ಸೂಚಿಸುವ ಪ್ರತ್ಯೇಕ ಗುರುತು ಅದರಲ್ಲೇ ಇದೆ. ಡೇಟಾಬೇಸ್‌ಗಳಲ್ಲಿ ‘ನಲ್’ ಎಂಬ ಗುರುತು ಅದಕ್ಕಿಂತಲೂ ಹಳೆಯದು. ಸೊನ್ನೆಯೇ ಬೇರೆ, ಮಾಹಿತಿ ಇಲ್ಲದಿರುವುದೇ ಬೇರೆ ಎಂದು ತೋರಿಸುವುದೇ ಅದರ ಕೆಲಸ. ನಾಲ್ಕು ದಶಕಗಳಿಂದ ಕೈಯಳತೆಯಲ್ಲಿರುವ ಸಲಕರಣೆಯನ್ನು ಬಿಟ್ಟು 1000, 9999, -1, 01/01 ಎಂದು ತುಂಬುವುದು ಅನಿವಾರ್ಯತೆ ಹೇಗಾಗುತ್ತದೆ? ಅದು ಆಲಸ್ಯ. ಅಕ್ಕಿಯಲ್ಲಿ ಕರಿಕಲ್ಲು ಇದ್ದರೆ ಆರಿಸಿ ತೆಗೆಯಬಹುದು, ಅಕ್ಕಿಯ ಬಣ್ಣದ ಕಲ್ಲು ಹಲ್ಲಿಗೆ ಸಿಕ್ಕಿದ ಮೇಲೆಯೇ ತಿಳಿಯುವುದು. ಡಮ್ಮಿ ಸಂಖ್ಯೆ ಎರಡನೆಯ ಬಗೆಯ ಕಲ್ಲು.

ಈ ಚಾಳಿ ಅತಿ ಹೆಚ್ಚು ಕೆಡುಕು ಮಾಡಿರುವುದು ಆಟದಲ್ಲೂ ಅಲ್ಲ, ಯುದ್ಧದಲ್ಲೂ ಅಲ್ಲ, ಮನುಷ್ಯರ ಜನ್ಮದಿನಾಂಕದಲ್ಲಿ. ಮುಂಬಯಿಯ ಉತ್ತರದ ತುದಿಯಲ್ಲಿರುವ ದಹಿಸರನ್ನೇ ನೋಡಿ. ಅಲ್ಲಿ ನೆಲೆನಿಂತ ಕನ್ನಡಿಗರ ಹಳೆಯ ತಲೆಮಾರು ಹೆಚ್ಚಾಗಿ ಕರಾವಳಿಯಿಂದ, ಎಳೆಯ ವಯಸ್ಸಿನಲ್ಲೇ ಹೋಟೆಲು, ಕ್ಯಾಂಟೀನುಗಳ ಕೆಲಸಕ್ಕೆ ಬಂದದ್ದು. ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಓದಿದವರು ಅವರಲ್ಲಿ ಅನೇಕರು. ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಅದಕ್ಕಿಂತ ಮುಂಚೆ ಹಳ್ಳಿಯ ಮನೆಯಲ್ಲಿ ಹುಟ್ಟಿದವರ ಕೈಯಲ್ಲಿ ಜನನಪತ್ರ ಇರುವುದೇ ಅಪರೂಪ. ಹುಟ್ಟಿದ್ದು ಯಾವ ಮಳೆಗಾಲದಲ್ಲಿ, ಯಾವ ಹಬ್ಬದ ಆಸುಪಾಸಿನಲ್ಲಿ ಎಂದು ತಾಯಂದಿರಿಗೆ ಗೊತ್ತಿತ್ತು. ಶಾಲೆಯ ದಾಖಲೆ ಪುಸ್ತಕಕ್ಕೆ ಅದು ಸಾಲಲಿಲ್ಲ. ಜೂನ್‌ನಲ್ಲಿ ಶಾಲೆ ತೆರೆಯುವಾಗ ದಾಖಲಾಗಲು ವಯಸ್ಸು ಹೊಂದುವಂತೆ ಮೇಷ್ಟರು ಜೂನ್ 1 ಎಂದು ಬರೆದುಕೊಂಡರು. ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ ಜೂನ್ 1ರಂದು ಹುಟ್ಟಿದವರು ಇಷ್ಟೊಂದು ಜನ ಇರುವುದು ಈ ಕಾರಣದಿಂದಲೇ. ಆ ಮೇಷ್ಟರು ದುರುದ್ದೇಶದಿಂದ ಬರೆದವರಲ್ಲ. ಆದರೆ ತಿಂಗಳು ಗೊತ್ತಿಲ್ಲ ಎಂದು ಬರೆಯಲು ಆ ಪುಸ್ತಕದಲ್ಲಿ ಜಾಗವೇ ಇರಲಿಲ್ಲ. ತಪ್ಪು ಅಲ್ಲಿಂದ ಶುರುವಾಯಿತು.

ಆ ತಪ್ಪಿನ ತೂಕ ಎಷ್ಟು? 2015ರ ಬಾಲನ್ಯಾಯ ಕಾಯ್ದೆಯ 94ನೇ ಸೆಕ್ಷನ್ನು ಒಬ್ಬನ ವಯಸ್ಸನ್ನು ನಿರ್ಧರಿಸುವ ಕ್ರಮವನ್ನು ಹೇಳುತ್ತದೆ. ಮೊದಲು ಶಾಲೆ ಕೊಟ್ಟ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಮೆಟ್ರಿಕ್ಯುಲೇಷನ್ ಪ್ರಮಾಣಪತ್ರ, ಅದಿಲ್ಲದಿದ್ದರೆ ನಗರಸಭೆ ಪಂಚಾಯತಿಗಳ ಜನನಪತ್ರ, ಅದೂ ಇಲ್ಲದಿದ್ದರೆ ಮಾತ್ರ ಮೂಳೆಯ ವೈದ್ಯಕೀಯ ಪರೀಕ್ಷೆ. ಅಂದರೆ ದಾಖಲಾತಿಯ ದಿನ ಅಂದಾಜಿನಲ್ಲಿ ಹಾಕಿದ ಜೂನ್ 1, ಆರೋಪಕ್ಕೆ ಸಿಕ್ಕಿದ ಹುಡುಗನೊಬ್ಬ ಬಾಲಕನೋ ವಯಸ್ಕನೋ ಎಂಬುದನ್ನು ಎಲ್ಲ ಪುರಾವೆಗಳಿಗಿಂತ ಮೊದಲು ನಿಂತು ತೀರ್ಮಾನಿಸುತ್ತದೆ. ಮೇಷ್ಟರು ಮಾರ್ಚ್ 1 ಎಂದು ಬರೆದಿದ್ದರೆ ಹೋಗಬೇಕಾದ ಜಾಗ ಒಂದು, ಜೂನ್ 1 ಎಂದು ಬರೆದಿದ್ದರೆ ಇನ್ನೊಂದು. ಇದನ್ನೂ ‘ಬರೀ ತಾಂತ್ರಿಕ’ ಎನ್ನಲು ಯಾರಿಗೆ ಬಾಯಿ ಬರುತ್ತದೆ?

ಆಧಾರ್ ಈ ರೋಗವನ್ನು ಗುಣಪಡಿಸಬಹುದಿತ್ತು. ಜನ್ಮದಿನಾಂಕ ದಾಖಲೆಯಿಂದ ಖಚಿತವಾದದ್ದೋ, ಬರೀ ಹೇಳಿಕೆಯದೋ, ಅಂದಾಜಿನದೋ ಎಂದು ನೋಂದಣಿಯ ಹೊತ್ತಿನಲ್ಲಿ ಮೂರು ಬಗೆ ಮಾಡುವ ವಿವೇಕ ಅದರಲ್ಲಿತ್ತು. ಆದರೆ ದಿನ ತಿಂಗಳು ಗೊತ್ತಿಲ್ಲದವರಿಗೆ ಜನವರಿ 1 ಎಂಬ ದಿನ ತಾನಾಗಿ ಬಂದು ಕುಳಿತುಕೊಂಡಿತು. 2017ರಲ್ಲಿ ಹರಿದ್ವಾರದ ಬಳಿಯ ಗೈಂಡಿ ಖಾತಾ ಹಳ್ಳಿಯ ನೂರಾರು ಕುಟುಂಬಗಳ ಆಧಾರ್ ಕಾರ್ಡುಗಳಲ್ಲಿ ಎಲ್ಲರೂ ಜನವರಿ 1ರಂದೇ ಹುಟ್ಟಿದವರಾಗಿರುವುದು ಸುದ್ದಿಯಾಯಿತು. ಜನ ಅದನ್ನು ಓದಿ ನಕ್ಕು ಸುಮ್ಮನಾದರು. ನಗುವ ವಿಷಯ ಅದಾಗಿರಲಿಲ್ಲ. ಒಂದು ಇಡೀ ಊರಿನ ವಯಸ್ಸನ್ನು ಅಂದಾಜಿಗೆ ಒಪ್ಪಿಸಿ, ಅಂದಾಜು ಎಂಬ ಮಾತನ್ನು ಮಾತ್ರ ಕಾರ್ಡಿನಿಂದ ಅಳಿಸಿಹಾಕಲಾಗಿತ್ತು.

ಅದರ ಬೆಲೆ ನ್ಯಾಯಾಲಯದಲ್ಲಿ ತಿಳಿಯಿತು. 2015ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತ ವ್ಯಕ್ತಿಯೊಬ್ಬರ ಕುಟುಂಬದ ಪರಿಹಾರದ ಪ್ರಕರಣ ಹರಿಯಾಣದ ರೋಹತಕ್‌ನಿಂದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಶಾಲೆ ಬಿಟ್ಟ ಪ್ರಮಾಣಪತ್ರದಲ್ಲಿ ಅವರ ಜನ್ಮದಿನಾಂಕ 1970ರ ಅಕ್ಟೋಬರ್ 7. ಆಧಾರ್‌ನಲ್ಲಿ 1969ರ ಜನವರಿ 1. ಹೈಕೋರ್ಟು ಆಧಾರ್ ಹಿಡಿದು, ಸತ್ತವರ ವಯಸ್ಸಿಗೆ ತಕ್ಕಂತೆ ಪರಿಹಾರ ಲೆಕ್ಕಹಾಕುವ ಗುಣಕವನ್ನು 13ಕ್ಕೆ ಇಳಿಸಿತ್ತು; ಶಾಲೆಯ ದಾಖಲೆ ಹಿಡಿದರೆ ಅದು 14. ಈ ಲೆಕ್ಕದಲ್ಲಿ ಗುಣಕ ಒಂದು ಇಳಿದರೆ ಕುಟುಂಬಕ್ಕೆ ಒಂದು ವರ್ಷದ ಆಸರೆಯ ಹಣ ಹೋಗುತ್ತದೆ. 2024ರ ಅಕ್ಟೋಬರ್ 24ರಂದು ಸುಪ್ರೀಂ ಕೋರ್ಟು ಶಾಲೆಯ ದಾಖಲೆಯನ್ನೇ ಎತ್ತಿಹಿಡಿದು, ಆಧಾರ್ ಗುರುತಿನ ಪುರಾವೆಯೇ ಹೊರತು ಜನ್ಮದಿನಾಂಕದ ಪುರಾವೆಯಲ್ಲ ಎಂದಿತು. ಆ ಜನವರಿ 1 ನಿಜವಾದ ದಿನವೋ ಭರ್ತಿಗೆ ಹಾಕಿದ್ದೋ ಎಂದು ಕಾರ್ಡು ನೋಡಿ ತಿಳಿಯುವ ದಾರಿಯೇ ಇಲ್ಲ. ಅದೇ ಇಲ್ಲಿನ ಆರೋಪದ ತಿರುಳು. ಗಂಡನನ್ನು ಕಳೆದುಕೊಂಡ ಮನೆಯವರು ಒಂಬತ್ತು ವರ್ಷ ಕಾದು, ದೇಶದ ಅತ್ಯುನ್ನತ ನ್ಯಾಯಾಲಯದ ಬಾಗಿಲು ತಟ್ಟಿ, ಒಂದು ಡೀಫಾಲ್ಟ್ ದಿನಾಂಕದಂತೆ ಕಾಣುವ ಅಂಕಿಯ ಎದುರು ಗೆಲ್ಲಬೇಕಾಯಿತು.

ಮುಂಬಯಿಯ ಬಡಾವಣೆಗಳಲ್ಲಿ ಇದೇ ಲೆಕ್ಕ ದಿನನಿತ್ಯ ನಡೆಯುತ್ತದೆ, ಸುದ್ದಿಯಾಗದೆ. ಮಹಾರಾಷ್ಟ್ರ ಸರ್ಕಾರ 2024ರಲ್ಲಿ ಆರಂಭಿಸಿದ ‘ಲಾಡ್ಕಿ ಬಹಿಣ್’ ಯೋಜನೆ 21ರಿಂದ 65 ವರ್ಷದ ಅರ್ಹ ಮಹಿಳೆಯರಿಗೆ ತಿಂಗಳಿಗೆ 1500 ರೂಪಾಯಿ ಕೊಡುತ್ತದೆ. 1960ರ ಡಿಸೆಂಬರ್‌ನಲ್ಲಿ ಹುಟ್ಟಿದ ಮಹಿಳೆಯ ಕಾರ್ಡಿನಲ್ಲಿ 01/01/1960 ಎಂದಿದ್ದರೆ ಆಕೆಗೆ 65 ತುಂಬುವುದು ಹನ್ನೊಂದು ತಿಂಗಳು ಮುಂಚೆ. ಕೈತಪ್ಪುವ ಮೊತ್ತ 16,500 ರೂಪಾಯಿ. ಮನೆಗೆಲಸ ಮಾಡಿ ಬದುಕುವ ಹೆಂಗಸಿಗೆ ಅದು ಸಣ್ಣ ದುಡ್ಡಲ್ಲ. ಭವಿಷ್ಯನಿಧಿ ಸಂಸ್ಥೆಯಂತೂ 2024ರ ಜನವರಿಯಲ್ಲಿ ಆಧಾರನ್ನು ಜನ್ಮದಿನಾಂಕದ ಪುರಾವೆಗಳ ಪಟ್ಟಿಯಿಂದಲೇ ತೆಗೆದುಹಾಕಿತು. ಪಿಂಚಣಿಗೆ 58 ತುಂಬಬೇಕು. ಬೇರೆ ಯಾವ ಕಾಗದವೂ ಇಲ್ಲದ ಹೋಟೆಲ್ ಕೆಲಸಗಾರ ಆ ದಿನವನ್ನು ಏನು ತೋರಿಸಿ ಸಾಧಿಸಬೇಕು? ಮೊದಲು ಸರ್ಕಾರದ ವ್ಯವಸ್ಥೆಯೇ ಅವನಿಗೊಂದು ದಿನಾಂಕ ಕೊಟ್ಟಿತು, ಎಲ್ಲ ಕಡೆ ಅದನ್ನೇ ಬರೆಸಿತು, ಈಗ ಇನ್ನೊಂದು ಕಚೇರಿ ಅದನ್ನು ನಂಬುವುದಿಲ್ಲ ಎನ್ನುತ್ತದೆ. ತಿದ್ದಿಸಲು ಹೋದರೆ ಆಧಾರ್‌ನಲ್ಲಿ ಜನ್ಮದಿನಾಂಕ ಬದಲಾವಣೆಗೆ ಅವಕಾಶ ಸಾಮಾನ್ಯವಾಗಿ ಒಂದೇ ಸಲ, ಅದೂ ದಾಖಲೆ ಇದ್ದರೆ. ದಾಖಲೆ ಇಲ್ಲದ್ದರಿಂದಲೇ ಬಂದ ತಪ್ಪನ್ನು ದಾಖಲೆ ತಂದು ತಿದ್ದಿಸಿಕೊಳ್ಳಿ ಎನ್ನುವುದು ಯಾವ ನ್ಯಾಯ?

ಜನ್ಮದಿನಾಂಕದ ನಂತರ ಮನೆಯ ಸಂಖ್ಯೆ. 2025ರ ಆಗಸ್ಟ್ 7ರಂದು ರಾಹುಲ್ ಗಾಂಧಿಯವರು ಬೆಂಗಳೂರಿನ ಮಹದೇವಪುರ ವಿಧಾನಸಭಾ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಅಕ್ರಮ ನಮೂದುಗಳಿವೆ ಎಂದು ಆರೋಪಿಸಿದರು. ಅವರು ತೋರಿಸಿದ ಪುಟಗಳಲ್ಲಿ ಮನೆ ಸಂಖ್ಯೆ 0 ಎಂದಿದ್ದ ಮತದಾರರಿದ್ದರು. ತಂದೆಯ ಹೆಸರಿನ ಜಾಗದಲ್ಲಿ ಕೀಬೋರ್ಡಿನ ಮೇಲೆ ಬೆರಳಾಡಿಸಿದಂತಿರುವ ಅರ್ಥವಿಲ್ಲದ ಅಕ್ಷರಗಳೂ ಇದ್ದವು. ಆಗಸ್ಟ್ 17ರಂದು ಮುಖ್ಯ ಚುನಾವಣಾ ಆಯುಕ್ತ ಜ್ಞಾನೇಶ್ ಕುಮಾರ್ ಉತ್ತರ ಕೊಟ್ಟರು: ಪಂಚಾಯತಿ, ನಗರಸಭೆಗಳು ಸಂಖ್ಯೆ ಕೊಡದ ಮನೆಗಳಲ್ಲಿ ಇರುವವರೂ, ಮನೆಯೇ ಇಲ್ಲದವರೂ ಮತದಾರರೇ, ಅಂಥವರಿಗೆ ಸೊನ್ನೆ ಹಾಕಲಾಗುತ್ತದೆ ಎಂದು. ರಾಜಕೀಯದ ಜಗಳವನ್ನು ಬದಿಗಿಟ್ಟು ಆ ಸೊನ್ನೆಯನ್ನಷ್ಟೇ ನೋಡಬೇಕು. ಮನೆಗೆ ಸಂಖ್ಯೆಯೇ ಇಲ್ಲದಿದ್ದರೆ ಸೊನ್ನೆ. ಸಂಖ್ಯೆ ಇದ್ದೂ ಬರೆದುಕೊಳ್ಳುವವರು ಕೇಳದಿದ್ದರೂ ಸೊನ್ನೆ. ಮನೆಯಾಗಲಿ ಮನುಷ್ಯನಾಗಲಿ ಇಲ್ಲದ ಸುಳ್ಳು ನಮೂದಾದರೂ ಸೊನ್ನೆ. ಮೂರು ಬೇರೆ ಬೇರೆ ಸ್ಥಿತಿಗಳನ್ನು ಒಂದೇ ಅಂಕಿಯೊಳಗೆ ತುರುಕಿದ ಮೇಲೆ ಆರೋಪಿಸುವವರು ಸರಿಯೋ ಉತ್ತರಿಸುವವರು ಸರಿಯೋ ಎಂದು ಪಟ್ಟಿ ನೋಡಿ ಹೇಳುವುದು ಹೇಗೆ? ಸಾಚಾ ಬಡವನನ್ನು ಸಂಶಯಕ್ಕೆ ಒಡ್ಡುವುದೂ ಅದೇ ಸೊನ್ನೆ, ಕಳ್ಳ ನಮೂದನ್ನು ಮರೆಮಾಡುವುದೂ ಅದೇ ಸೊನ್ನೆ.

ದಹಿಸರ್ ಪಶ್ಚಿಮದಲ್ಲಿ ಲಿಂಕ್ ರೋಡಿನ ಪಕ್ಕ, ಕಾಂಡ್ಲಾ ಬೆಳೆದಿದ್ದ ಜೌಗು ನೆಲದ ಮೇಲೆ ಎದ್ದ ಗಣಪತ್ ಪಾಟೀಲ್ ನಗರದಂಥ ಕೊಳೆಗೇರಿಯ ವಿಳಾಸ ಅಂಕಿಯಲ್ಲಿ ಹಿಡಿಸುವಂಥದ್ದಲ್ಲ. ಆದರೆ ಅಲ್ಲಿಗೆ ಕಾಗದವೂ ಬರುತ್ತದೆ, ಗ್ಯಾಸ್ ಸಿಲಿಂಡರೂ ಬರುತ್ತದೆ. ಇಂಥ ಗಲ್ಲಿ, ಇಂಥ ಅಂಗಡಿಯ ಹಿಂದೆ, ಇಂಥ ನಲ್ಲಿಯ ಎದುರು ಎಂದು ಜನ ಹೇಳಿಕೊಳ್ಳುತ್ತಾರೆ, ಹುಡುಕುವವರು ಹುಡುಕಿಕೊಳ್ಳುತ್ತಾರೆ. ಆ ಮಾತನ್ನೇ ವಿಳಾಸವೆಂದು ಬರೆದುಕೊಳ್ಳಲು ಪಟ್ಟಿಗೆ ಏನು ಅಡ್ಡಿ? ಸೊನ್ನೆಯಿಂದ ಯಾರ ಮನೆಯೂ ಸಿಗುವುದಿಲ್ಲ. ಗಲ್ಲಿಯ ಹೆಸರಿನಿಂದ ಸಿಗುತ್ತದೆ.

ಹೊರದೇಶಗಳೂ ಈ ಪಾಠಕ್ಕೆ ಬೆಲೆ ತೆತ್ತಿವೆ. 1938ರಲ್ಲಿ ಅಮೆರಿಕದ ಪರ್ಸ್ ತಯಾರಕರೊಬ್ಬರು ಪರ್ಸಿನೊಳಗೆ ಮಾದರಿಗೆಂದು ಸಂಖ್ಯೆಯಿದ್ದ ಒಂದು ಸೋಷಿಯಲ್ ಸೆಕ್ಯುರಿಟಿ ಕಾರ್ಡು ಇಟ್ಟು ಮಾರಿದರು. ಕಾರ್ಡಿನ ಮೇಲೆ ‘ಮಾದರಿ’ ಎಂದು ಅಚ್ಚಾಗಿತ್ತು. ಆದರೂ 1943ರ ಹೊತ್ತಿಗೆ 5,755 ಜನ ಅದನ್ನು ತಮ್ಮದೇ ಸಂಖ್ಯೆಯೆಂದು ಬಳಸುತ್ತಿದ್ದರು, ಒಟ್ಟಾರೆ 40,000ಕ್ಕೂ ಮಿಕ್ಕಿ ಜನ ಹಾಗೆ ಬಳಸಿದರು. ಇಂಟರ್ನೆಟ್ ಕಾಲದಲ್ಲಿ ಮ್ಯಾಕ್ಸ್‌ಮೈಂಡ್ ಎಂಬ ಕಂಪನಿ, ಅಮೆರಿಕದೊಳಗೆ ಎಲ್ಲಿಯದೆಂದು ಗೊತ್ತಾಗದ ಕಂಪ್ಯೂಟರ್ ವಿಳಾಸಗಳಿಗೆಲ್ಲ ದೇಶದ ನಡುಮಧ್ಯದ ಒಂದು ಬಿಂದುವನ್ನು ಹಾಕಿಟ್ಟಿತು. ಆ ಬಿಂದು ಕಾನ್ಸಸ್ ರಾಜ್ಯದ ಒಂದು ತೋಟದ ಮನೆಯ ಅಂಗಳದಲ್ಲಿತ್ತು. ಎಲ್ಲೋ ನಡೆದ ವಂಚನೆ, ಕಳವುಗಳ ಜಾಡು ಹಿಡಿದು ಪೊಲೀಸರೂ ರೊಚ್ಚಿಗೆದ್ದ ಅಪರಿಚಿತರೂ ವರ್ಷಗಟ್ಟಲೆ ಆ ಮನೆಗೆ ಬಂದರು. 2016ರಲ್ಲಿ ವಿಷಯ ಬಯಲಾದ ಮೇಲೆ ಕಂಪನಿ ಆ ಬಿಂದುವನ್ನು ಒಂದು ಸರೋವರದ ನಡುವಿಗೆ ಸರಿಸಿತು. ಸ್ಥಳ ಗೊತ್ತಿಲ್ಲ ಎಂದು ಹೇಳುವ ಬದಲು ಆಗಲೂ ಇನ್ನೊಂದು ಸ್ಥಳವನ್ನೇ ಹೇಳಿತು.

ಸರಿಯಾದ ಪದ್ಧತಿ ಎಲ್ಲೂ ಇಲ್ಲವೆಂದಲ್ಲ, ಅದು ಟೋಲಿನಲ್ಲೇ ಇದೆ. ಹೊಸ ವಾಹನಕ್ಕೆ ನೋಂದಣಿ ಸಂಖ್ಯೆ ಬರುವ ಮುಂಚೆ ಫಾಸ್ಟ್ಯಾಗನ್ನು ಚಾಸಿಸ್ ಸಂಖ್ಯೆಯ ಮೇಲೆ ಕೊಡುತ್ತಾರೆ. 2024ರ ಆಗಸ್ಟ್‌ನಿಂದ ಜಾರಿಗೆ ಬಂದ ನಿಯಮದಂತೆ ಖರೀದಿಸಿದ 90 ದಿನಗಳೊಳಗೆ ನಿಜವಾದ ನೋಂದಣಿ ಸಂಖ್ಯೆ ಸೇರಿಸಲೇಬೇಕು, ಇಲ್ಲದಿದ್ದರೆ ಟ್ಯಾಗ್ ನಿಲ್ಲುತ್ತದೆ. ಇಲ್ಲಿ ತಾತ್ಕಾಲಿಕ ಸಂಖ್ಯೆ ಸುಳ್ಳಲ್ಲ, ಆ ವಾಹನದ್ದೇ ಇನ್ನೊಂದು ಗುರುತು. ಅದು ತಾತ್ಕಾಲಿಕವೆಂದು ವ್ಯವಸ್ಥೆಗೆ ಗೊತ್ತಿದೆ, ಅದಕ್ಕೊಂದು ಗಡುವೂ ಇದೆ. ದಹಿಸರ್ ಚೆಕ್‌ನಾಕಾ ದಾಟುವ ಲಾರಿಗೆ ಕೊಟ್ಟ ಇಷ್ಟು ಗೌರವವನ್ನು ಅದರ ಪಕ್ಕದಲ್ಲಿ ನಡೆದುಹೋಗುವ ಮನುಷ್ಯನ ಜನ್ಮದಿನಾಂಕಕ್ಕೆ ಕೊಡಲು ಏನು ಕಷ್ಟ?

ಆದ್ದರಿಂದ ಬದಲಾಗಬೇಕಾದದ್ದು ಸ್ಪಷ್ಟವಿದೆ. ‘ಗೊತ್ತಿಲ್ಲ’ ಎಂಬುದು ಪ್ರತಿ ಅರ್ಜಿಯಲ್ಲೂ ಪ್ರತಿ ಸಾಫ್ಟ್‌ವೇರಿನಲ್ಲೂ ಒಪ್ಪುವ ಉತ್ತರವಾಗಬೇಕು. ಅದನ್ನು ಒತ್ತಿದರೆ ಮುಂದಿನ ಪುಟ ತೆರೆದುಕೊಳ್ಳಬೇಕು. ಅಂದಾಜಿನ ದಿನಾಂಕದ ಪಕ್ಕದಲ್ಲಿ ‘ಅಂದಾಜು’ ಎಂಬ ಮಾತು ಕಾರ್ಡಿನ ಮೇಲೂ ಜೆರಾಕ್ಸಿನ ಮೇಲೂ ಇನ್ನೊಂದು ಇಲಾಖೆಯ ಕಂಪ್ಯೂಟರಿನೊಳಗೂ ಅಳಿಯದೆ ಹೋಗಬೇಕು. ವರ್ಷ ಮಾತ್ರ ಗೊತ್ತಿದ್ದರೆ ವರ್ಷವನ್ನಷ್ಟೇ ಅಚ್ಚು ಹಾಕಬೇಕು, ಮತ್ತು ಅಂಥ ಕಾರ್ಡಿನಿಂದ ಹಕ್ಕೊಂದು ತೀರ್ಮಾನವಾಗುವಾಗ ಅನುಮಾನದ ಲಾಭ ಕಾರ್ಡಿನವರಿಗೆ ಸಿಗಬೇಕು. ಜನನ ಮರಣ ನೋಂದಣಿ ಕಾಯ್ದೆಯ 2023ರ ತಿದ್ದುಪಡಿಯ ನಂತರ ಆ ವರ್ಷದ ಅಕ್ಟೋಬರ್ 1ರಿಂದ ಹುಟ್ಟಿದವರಿಗೆ ಜನನಪತ್ರವೇ ಜನ್ಮದಿನಾಂಕದ ಪುರಾವೆ ಎಂದಾಗಿದೆ. ಮುಂದಿನ ತಲೆಮಾರಿಗೆ ಅದು ಸಾಕು. ಅದಕ್ಕೂ ಮುಂಚೆ ಹುಟ್ಟಿ, ಜೂನ್ 1, ಜನವರಿ 1 ಎಂಬ ಬೇರೆಯವರು ಕೊಟ್ಟ ದಿನಗಳನ್ನು ಹೊತ್ತು ಮುದುಕರಾಗುತ್ತಿರುವವರಿಗೆ ಸಾಲದು. ಅವರ ದಾಖಲೆಗಳಲ್ಲಿ ಯಾವುದು ಡೀಫಾಲ್ಟ್ ಎಂದು ಗುರುತಿಸುವ ಹೊಣೆ ಅವರದಲ್ಲ, ತುಂಬಿದ ಇಲಾಖೆಗಳದು. ಜನವರಿ 1, ಜೂನ್ 1ರ ನಮೂದುಗಳನ್ನು ಹುಡುಕಲು ಆ ಇಲಾಖೆಗಳ ಕಂಪ್ಯೂಟರುಗಳಿಗೆ ಒಂದು ದಿನದ ಕೆಲಸವೂ ಹಿಡಿಯದು. ಆ ಪಟ್ಟಿಯನ್ನು ತೆಗೆದು, ಊರಿನ ಹಿರಿಯರ ಹೇಳಿಕೆ, ಒಡಹುಟ್ಟಿದವರ ದಾಖಲೆ, ಸಿಕ್ಕಿದ ಹಳೆಯ ಕಾಗದ ಯಾವುದನ್ನಾದರೂ ಸ್ವೀಕರಿಸಿ, ಅರ್ಜಿ ಶುಲ್ಕವಿಲ್ಲದೆ, ವಾರ್ಡ್ ಕಚೇರಿಯಲ್ಲೇ ತಿದ್ದಿಕೊಡುವ ಕೆಲಸ ಈ ವರ್ಷವೇ ಶುರುವಾಗಬೇಕು.